ಎರಡು ಖಾಲಿ ಖಾನೆ, ಒಂದು ಗುಂಡಿ

ಊರವರ ಪತ್ರಗಳು ಬಂದು ಬೀಳುವ ಪೆಟ್ಟಿಗೆಯೊಂದನ್ನು ನಾನು ನನ್ನ ಅಂಗಳದಲ್ಲಿ ತಂದಿಟ್ಟುಕೊಂಡದ್ದು ಪರೋಪಕಾರಕ್ಕಲ್ಲ. ನನ್ನ ಫೋಟೋ ನೋಡಲು ಯಾರೂ ಬರುತ್ತಿರಲಿಲ್ಲ, ಅದಕ್ಕೆ. ಇದನ್ನು ಈವರೆಗೆ ಯಾರ ಮುಂದೆಯೂ ಒಪ್ಪಿಕೊಂಡಿಲ್ಲ. ಈಗ ನಿಮ್ಮ ಮುಂದೆ ಒಪ್ಪಿಕೊಳ್ಳಲು ಧೈರ್ಯ ಬಂದಿರುವುದಕ್ಕೆ ಕಾರಣ, ಆ ಪೆಟ್ಟಿಗೆಯೂ ಇಲ್ಲ, ಆ ಅಂಗಳವೂ ಇಲ್ಲ. ಅದರ ದೆಸೆಯಿಂದ ನಾನು ಕಳೆದುಕೊಂಡ ಗೆಳೆಯ ದಾದಾಪೀರ ಮಾತ್ರ ಇದೇ ಕೊಟ್ಟೂರಿನಲ್ಲಿ, ನನ್ನ ಟೈಪಿಂಗ್ ಇನ್‌ಸ್ಟಿಟ್ಯೂಟಿನಿಂದ ಎರಡು ಓಣಿ ಆಚೆಗೆ, ದಿನಾ ಬೆಳಿಗ್ಗೆ ತನ್ನ ರಿಪೇರಿ ಅಂಗಡಿಯ ಬಾಗಿಲು ತೆಗೆಯುತ್ತಾನೆ.

ಅಂಗಳ ಎಂದೆನಲ್ಲ, ಅದು ಇಂಟರ್ನೆಟ್ಟಿನ ಅಂಗಳ. ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ಬಸ್ ಸ್ಟ್ಯಾಂಡಿನ ಹತ್ತಿರ ಬಸಣ್ಣನ ಎಸ್‌ಟಿಡಿ ಬೂತು ಇದ್ದಕ್ಕಿದ್ದಂತೆ ಇಂಟರ್ನೆಟ್ ಸೆಂಟರ್ ಆಗಿ, ಗಾಜಿನ ಗೂಡಿನಲ್ಲಿ ಫೋನಿದ್ದ ಜಾಗಕ್ಕೆ ಎರಡು ಕಂಪ್ಯೂಟರ್ ಬಂದು ಕೂತಿದ್ದವು. ನನ್ನ ಕಡೆ ಟೈಪ್ ಕಲಿಯುವವರು ಕಡಿಮೆಯಾಗತೊಡಗಿದ್ದರು. ಕಾಲದ ಜೊತೆ ಹೆಜ್ಜೆ ಹಾಕಬೇಕು ಎಂದು ಹೊಸಪೇಟೆಯ ಫುಟ್‌ಪಾತಿನಲ್ಲಿ ಒಂದು ಪುಸ್ತಕ ಕೊಂಡು ತಂದು, ಒಂದು ತಿಂಗಳು ಓದಿ, ನನ್ನದೇ ಒಂದು ಹೋಮ್‌ಪೇಜ್ ಕಟ್ಟಿದೆ. ಮೇಲೆ ನನ್ನ ಹೆಸರು. ಅದರ ಕೆಳಗೆ ನನ್ನ ಫೋಟೋ, ಅದೂ ಮದುವೆಯ ಕಾಲದ್ದು, ತಲೆಯ ತುಂಬ ಕೂದಲಿರುವುದು. ಅದರ ಕೆಳಗೆ ಕೊಟ್ಟೂರಿನ ಮಂಡಕ್ಕಿ-ಮಿರ್ಚಿಯ ಬಗ್ಗೆ ಇಂಗ್ಲಿಷಿನಲ್ಲಿ ಒಂದು ಪುಟದ ಲೇಖನ. ಎಲ್ಲಕ್ಕಿಂತ ಕೆಳಗೆ ಸಲಿಕೆ ಹಿಡಿದು ಮಣ್ಣು ಅಗೆಯುತ್ತಲೇ ಇರುವ ಒಬ್ಬ ಪುಟ್ಟ ಮನುಷ್ಯ; ಕಾಮಗಾರಿ ನಡೆದಿದೆ ಎಂದು ಅದರ ಅರ್ಥ. ಆ ಬಡಪಾಯಿ ಏಳು ವರ್ಷ ಅಗೆದ. ಏನೂ ಸಿಗಲಿಲ್ಲ.

ಪುಟದ ಮೂಲೆಯಲ್ಲಿ ಎಷ್ಟು ಜನ ಬಂದು ಹೋದರು ಎಂದು ಎಣಿಸುವ ಒಂದು ಪಟ್ಟಿ ಇತ್ತು. ಎರಡು ತಿಂಗಳಾದ ಮೇಲೆ ಅದು ನಲವತ್ತೊಂದು ತೋರಿಸುತ್ತಿತ್ತು. ಆ ನಲವತ್ತೊಂದೂ ನಾನೇ. ಎಷ್ಟಾಯಿತು ಎಂದು ನೋಡಲು ಹೋದಾಗಲೆಲ್ಲ ಅದು ನನ್ನನ್ನೇ ಎಣಿಸಿಕೊಂಡು ಒಂದು ಮುಂದೆ ಹೋಗುತ್ತಿತ್ತು. ಮನುಷ್ಯನಿಗೆ ತನ್ನನ್ನು ಯಾರೂ ನೋಡುತ್ತಿಲ್ಲ ಎಂಬುದು ಗೊತ್ತಾದರೆ ಸಾಲದು, ಅದನ್ನು ಅಂಕಿಯಲ್ಲಿ ಬರೆದು ತೋರಿಸುವ ಯಂತ್ರವೂ ಬೇಕು ಎಂದು ಯಾರಿಗೆ ತೋಚಿತೋ ಕಾಣೆ.

ಆಗ ಹೊಳೆದದ್ದು ಈ ಪೆಟ್ಟಿಗೆಯ ಉಪಾಯ. ಪುಕ್ಕಟೆ ಇ-ಮೇಲ್ ಕೊಡುವ ಒಂದು ಕಂಪನಿ ಇತ್ತು. ಅದರ ಬಾಗಿಲನ್ನು ಯಾರು ಬೇಕಾದರೂ ತಮ್ಮ ಪುಟದಲ್ಲಿ ಜೋಡಿಸಿಕೊಳ್ಳಬಹುದಾಗಿತ್ತು. ಬಾಗಿಲೆಂದರೆ ಇಷ್ಟೇ: ಎರಡು ಖಾಲಿ ಖಾನೆ, ಒಂದು ಗುಂಡಿ. ಮೊದಲ ಖಾನೆಯಲ್ಲಿ ಹೆಸರು, ಎರಡನೆಯದರಲ್ಲಿ ಗುಟ್ಟಿನ ಪದ, ಗುಂಡಿ ಒತ್ತಿದರೆ ನಿಮ್ಮ ಪತ್ರಗಳು. ನನ್ನ ಲೆಕ್ಕಾಚಾರ ಸರಳವಾಗಿತ್ತು. ಪತ್ರ ನೋಡಲು ಬಂದವರು ಖಾನೆ ಹುಡುಕುವಾಗ ನನ್ನ ಫೋಟೋ ದಾಟಿಯೇ ಬರಬೇಕು. ಇದು ಮನೆಗೆ ನೆಂಟರು ಬರುವುದಿಲ್ಲವೆಂದು ಪಡಸಾಲೆಯಲ್ಲೇ ಹಿಟ್ಟಿನ ಗಿರಣಿ ಹಾಕಿಕೊಂಡ ಹಾಗೆ. ಜನ ಬರುತ್ತಾರೆ, ಆದರೆ ನಿಮಗಾಗಿ ಅಲ್ಲ.

ಕಂಪನಿಯವರು ಹತ್ತು ಹನ್ನೆರಡು ಸಾಲಿನ ಬರಹ ಕೊಟ್ಟು, ಇದನ್ನು ಹೀಗೇ ನಕಲು ಮಾಡಿ ಎಂದಿದ್ದರು. ಹೀಗೇ ಎಂದರೆ ಹೀಗೇ. ಆದರೆ ನಾನು ಇಪ್ಪತ್ತು ವರ್ಷದಿಂದ ಊರಿನ ಅರ್ಜಿಗಳನ್ನು ಟೈಪ್ ಮಾಡಿದವನು. ಕೂಡ್ಲಿಗಿ ತಾಲ್ಲೂಕು ಕಚೇರಿಗೆ ಹೋಗುವ ಅರ್ಜಿಯನ್ನು ಜನ ತಮ್ಮ ಅಜ್ಜನ ಕಾಲದಿಂದ ಶುರುಮಾಡಿ ಹೇಳುತ್ತಾರೆ. ಅದರಲ್ಲಿ ಮುಕ್ಕಾಲು ಪಾಲನ್ನು ಹೊಡೆದುಹಾಕಿ ಒಂದೇ ಹಾಳೆಗೆ ಇಳಿಸುವುದೇ ನನ್ನ ಕಸುಬು. ಹೆಚ್ಚಿನ ಪದ ಕಂಡರೆ ಕೈ ತಡೆಯುವುದಿಲ್ಲ. ಕಂಪನಿಯ ಆ ಬರಹದಲ್ಲೂ ಒಂದು ಕಡೆ ಎರಡು ಪದ ನನಗೆ ಅನಾವಶ್ಯಕ ಎನ್ನಿಸಿದವು. ತೆಗೆದೆ. ತೆಗೆದ ಮೇಲೂ ಬಾಗಿಲು ಸರಿಯಾಗಿ ತೆರೆಯಿತು. ನೋಡಿ, ಇಂಗ್ಲಿಷಿನವರ ಬರಹಕ್ಕೂ ಕೊಟ್ಟೂರಿನ ಟೈಪಿಸ್ಟ್ ತಿದ್ದುಪಡಿ ಮಾಡಬಲ್ಲ ಎಂದು ಒಳಗೊಳಗೇ ಬೀಗಿದೆ.

ಆ ಪದಗಳು ಮಾಡುತ್ತಿದ್ದ ಕೆಲಸವನ್ನು ಸರಳವಾಗಿ ಹೇಳುತ್ತೇನೆ, ಮುಂದಿನದೆಲ್ಲ ಅದರ ಮೇಲೆ ನಿಂತಿದೆ. ಅವು ಇದ್ದರೆ ನಿಮ್ಮ ಗುಟ್ಟಿನ ಪದ ಲಕೋಟೆಯೊಳಗೆ ಹೋಗುತ್ತದೆ. ಅವು ಇಲ್ಲದಿದ್ದರೆ ಕಾರ್ಡಿನ ಮೇಲೆ ಬರೆದ ಹಾಗೆ, ಪರದೆಯ ನೆತ್ತಿಯ ಮೇಲಿನ ವಿಳಾಸದ ಪಟ್ಟಿಯಲ್ಲಿ, ಕಣ್ಣಿದ್ದವರಿಗೆಲ್ಲ ಕಾಣುವಂತೆ ಹೋಗುತ್ತದೆ. ಹೋಗುವುದಷ್ಟೇ ಅಲ್ಲ, ಆ ಕಂಪ್ಯೂಟರಿನ ನೆನಪಿನಲ್ಲಿ ಉಳಿದುಕೊಳ್ಳುತ್ತದೆ. ನಾನು ಬೀಗುವ ಗದ್ದಲದಲ್ಲಿ ಅತ್ತ ನೋಡಲೇ ಇಲ್ಲ.

ನಮ್ಮ ಕಡೆಯವರಿಗೆ ಗುಟ್ಟು ಮತ್ತು ಪತ್ರ ಎಂಬ ಎರಡು ಸಂಗತಿ ಒಟ್ಟಿಗೆ ಇರಬಲ್ಲವು ಎಂಬುದೇ ಹೊಸದು. ಪತ್ರ ಎಂದರೆ ನಾಲ್ಕು ಜನ ಸೇರಿ ಓದುವುದು. ಹಂಪಸಾಗರದ ಪತ್ರ ಹಗರಿಬೊಮ್ಮನಹಳ್ಳಿಯ ಯಾವುದೋ ಕಿರಾಣಿ ಅಂಗಡಿಗೆ ಬಂದು, ಅಂಗಡಿಯವನು ಓದಿ, ಆ ಕಡೆ ಹೋಗುವ ಬಸ್ಸಿನವನ ಕೈಗೆ ಕೊಟ್ಟು, 'ಅವ್ವಗ ಆರಾಮ ಐತಂತ ಹೇಳು' ಎಂದು ಸಾರಾಂಶವನ್ನೂ ಕಳಿಸುತ್ತಿದ್ದ. ಒಡೆಯುವ ಮೊದಲೇ ಒಳಗೇನಿದೆ ಎಂದು ತಿಳಿಯುವ ವ್ಯವಸ್ಥೆಯೂ ನಮ್ಮಲ್ಲಿತ್ತು. ಮೂಲೆಗೆ ಅರಿಸಿನ ಹಚ್ಚಿದ್ದರೆ ಶುಭ. ಸಾವಿನ ಕಾರ್ಡಾದರೆ ಓದಿ ಹೊಸ್ತಿಲಾಚೆಯೇ ಹರಿದು ಹಾಕಬೇಕು. ಇ-ಮೇಲಿಗೆ ಅರಿಸಿನವೂ ಇಲ್ಲ, ಹರಿಯಲು ಕಾಗದವೂ ಇಲ್ಲ. ಒಳ್ಳೆಯ ಸುದ್ದಿ, ಕೆಟ್ಟ ಸುದ್ದಿ ಎರಡೂ ಒಂದೇ ಬಿಳುಪಿನಲ್ಲಿ ಬರುತ್ತವೆ.

ಹಾಗಾಗಿ ನನ್ನ ಬಾಗಿಲಿಗೆ ಬಂದ ಗಿರಾಕಿಗಳಿಗೆ ಗುಟ್ಟಿನ ಪದ ಎಂದರೇನು ಎಂದು ತಿಳಿಸುವುದರಲ್ಲಿ ನನ್ನ ಗಂಟಲು ಒಣಗಿತು. ಇಟ್ಟಿಗಿ ಊರಿನಿಂದ ಬಂದ ಒಬ್ಬ ಗೌಡರು, "ಗುಟ್ಟಿನ ಪದ ಯಾಕ್ರಿ ಮೇಷ್ಟ್ರೆ? ನಾವೇನು ಕದ್ದು ತಂದೀವೇನು?" ಎಂದು ಕೇಳಿದರು. ಮರೆಯದಂಥದ್ದು ಹಾಕಿ, ದೇವರ ಹೆಸರು ಹಾಕಿ ಎಂದು ನಾನೇ ದಾರಿ ತೋರಿಸಿದೆ. ಕೊಟ್ಟೂರಿನ ದೇವರು ಕೊಟ್ರೇಶ, ಆ ಹೆಸರಿನವನು ಮನೆಗೊಬ್ಬ. ದೇವರ ಹೆಸರು ಎಂದರೆ ಇನ್ನೇನು ಹಾಕಿಯಾರು? ಒಂದು ತಿಂಗಳಲ್ಲಿ ಊರಿನ ಅರ್ಧ ಪೆಟ್ಟಿಗೆಗಳಿಗೆ ಒಂದೇ ಬೀಗದ ಕೈ ಆಯಿತು. ಇಂಗ್ಲಿಷಿನಲ್ಲಿ ಅದನ್ನು ಹೇಗೆ ಬರೆಯಬೇಕೆಂಬುದನ್ನು ಬಸಣ್ಣ ಗೋಡೆಯ ಮೇಲೆ, ಹಳೆಯ ಫೋನ್ ನಂಬರುಗಳ ಪಕ್ಕದಲ್ಲೇ, ಪೆನ್ಸಿಲಿನಿಂದ ಬರೆದಿಟ್ಟ. ಯಾರೂ ಯಾರ ಪತ್ರವನ್ನೂ ಕದ್ದು ಓದಲಿಲ್ಲ. ಓದುವಂಥದ್ದೂ ಏನಿರಲಿಲ್ಲ. ಹಡಗಲಿಯ ಅಳಿಯ ದಾವಣಗೆರೆಯ ಮಾವನಿಗೆ ಕ್ಷೇಮ ಬರೆದಿದ್ದನ್ನು ಕದ್ದು ಓದಿ ಯಾರಿಗೆ ಏನಾಗಬೇಕು?

ನನ್ನ ಎಣಿಕೆಯ ಪಟ್ಟಿ ಮಾತ್ರ ಸಾವಿರ ದಾಟಿತು. ಫೋಟೋ ನೋಡಿದಿರಾ ಎಂದು ಒಬ್ಬರನ್ನು ಕೇಳಿದೆ. "ಯಾವ ಫೋಟೋ?" ಎಂದರು.

ಇಲ್ಲಿ ದಾದಾಪೀರನ ಸುದ್ದಿ ಹೇಳಬೇಕು. ಇಷ್ಟು ಹೊತ್ತು ಸುತ್ತುಬಳಸಿ ಬಂದದ್ದೇ ಅವನ ಹತ್ತಿರ ಬರಲು ಹೆದರಿ.

ಅವನೂ ನಾನೂ ಏಳನೆಯ ತರಗತಿಯವರೆಗೆ ಒಂದೇ ಬೆಂಚು. ಆಮೇಲೆ ಅವನು ತನ್ನ ಅಬ್ಬನ ರೇಡಿಯೋ ರಿಪೇರಿ ಅಂಗಡಿಗೆ ಕೂತ, ನಾನು ಟೈಪಿಗೆ ಕೂತೆ. ರೇಡಿಯೋ ಬಿಚ್ಚಿದಾಗ ಅವನು ಎರಡು ಬೆರಳನ್ನು ಸ್ಪೀಕರಿನ ಕಾಗದದ ಮೇಲೆ ಮೆಲ್ಲಗೆ ಇಟ್ಟು ಕಣ್ಣು ಮುಚ್ಚುತ್ತಿದ್ದ. ವೈದ್ಯರು ನಾಡಿ ಹಿಡಿದ ಹಾಗೆ. ಅವನಿಗೊಂದು ಹುಚ್ಚಿತ್ತು. ಹೊರದೇಶದ ರೇಡಿಯೋ ನಿಲಯಗಳನ್ನು ಹುಡುಕಿ ಹುಡುಕಿ ಕೇಳುವುದು. ಕೇಳಿ, ನಿಮ್ಮ ಕಾರ್ಯಕ್ರಮ ಇಂಥ ದಿನ, ಇಂಥ ಹೊತ್ತಿಗೆ, ನಮ್ಮ ಕೊಟ್ಟೂರಿನಲ್ಲಿ ಇಷ್ಟು ಸ್ಪಷ್ಟವಾಗಿ ಕೇಳಿಸಿತು ಎಂದು ಆ ನಿಲಯಕ್ಕೆ ಪತ್ರ ಬರೆಯುವುದು. ಸ್ಪಷ್ಟತೆಗೆ ಐದಕ್ಕೆ ಇಷ್ಟು ಎಂದು ಅಂಕ ಕೊಡಬೇಕು. ಆ ನಿಲಯದವರು ಅದಕ್ಕೆ ಪ್ರತಿಯಾಗಿ ಒಂದು ಬಣ್ಣದ ಚಿತ್ರದ ಕಾರ್ಡು ಕಳಿಸುತ್ತಾರೆ. ಅವನ ಅಂಗಡಿಯ ಗೋಡೆಯ ತುಂಬ ಅಂಥ ಕಾರ್ಡುಗಳು. ಹಿಮದ ಬೆಟ್ಟ, ಕೆಂಪು ಹೆಂಚಿನ ಊರು, ಸಮುದ್ರದ ದಂಡೆಯ ಗೋಪುರ.

ಆ ಪತ್ರಗಳ ಇಂಗ್ಲಿಷು ನನ್ನದು. ಹದಿನೈದು ವರ್ಷ, ಪ್ರತಿ ಭಾನುವಾರ ಮಧ್ಯಾಹ್ನ, ಇನ್‌ಸ್ಟಿಟ್ಯೂಟಿನ ಬಾಗಿಲು ಅರ್ಧ ಎಳೆದುಕೊಂಡು ಅವನು ಕನ್ನಡದಲ್ಲಿ ಹೇಳುತ್ತಿದ್ದ, ನಾನು ಇಂಗ್ಲಿಷಿನಲ್ಲಿ ಬಡಿಯುತ್ತಿದ್ದೆ. ಮಧ್ಯೆ ಕೊಟ್ರೇಶನ ಹೋಟೆಲಿನಿಂದ ಮಂಡಕ್ಕಿ-ಮಿರ್ಚಿ. ಕೊಟ್ರೇಶನೂ ನಮ್ಮ ತರಗತಿಯವನೇ. ಇಷ್ಟು ಸಂತೋಷದ ಮಧ್ಯಾಹ್ನಗಳು ನನ್ನ ಬಾಳಿನಲ್ಲಿ ಬೇರೆ ಇರಲಿಲ್ಲ ಎಂದು ಈಗ ಗೊತ್ತಾಗುತ್ತದೆ. ಆಗ ನಾನು ಅವನಿಗೆ ಉಪಕಾರ ಮಾಡುತ್ತಿದ್ದೇನೆ ಎಂದುಕೊಂಡಿದ್ದೆ.

ಕಡೆಯ ಎರಡು ಮೂರು ವರ್ಷದಲ್ಲಿ ಅವನು ಹೇಳುವ ಅಂಕ ಇಳಿಯತೊಡಗಿತ್ತು. ಐದಕ್ಕೆ ಐದು ಇದ್ದದ್ದು ನಾಲ್ಕಾಯಿತು, ಮೂರಾಯಿತು. "ಯಾಕಲೇ, ಆ ದೇಶದವರು ಸೊರಗ್ಯಾರೇನು?" ಎಂದು ನಾನು ನಗೆಯಾಡಿದೆ. "ಹವಾ ಸರಿ ಇಲ್ಲ ಬಿಡು" ಎಂದ. ಎರಡು ಎಂದು ಅವನು ಹೇಳಿದ ದಿನ ನಾನು ಎರಡು ಎಂದೇ ಬಡಿದೆ. ಸೊರಗಿದ್ದು ಆ ದೇಶದವರಲ್ಲ ಎಂದು ನನಗೆ ಹೊಳೆಯಲಿಲ್ಲ.

ಪೆಟ್ಟಿಗೆ ಇಟ್ಟ ಮೇಲೆ ಒಂದು ದಿನ ಅವನು ಬಂದು, "ಲೇ ಈರಣ್ಣ, ನನಗೂ ಟೈಪ್ ಕಲಿಸು" ಎಂದ. ನಲವತ್ತರ ಮೇಲಿನ ಮನುಷ್ಯ, ಬೆಸುಗೆಯ ಸೋಲ್ಡರಿನಿಂದ ಸುಟ್ಟ ಬೆರಳು, ಪರೀಕ್ಷೆಗೆ ಕಟ್ಟಿದ ಹೆಣ್ಣುಮಕ್ಕಳ ಸಾಲಿನಲ್ಲಿ ಕೂತು ಎರಡು ತಿಂಗಳು ಕಲಿತ. ನನಗೆ ಹೆಮ್ಮೆಯೇ ಆಯಿತು. ಅವನ ಪೆಟ್ಟಿಗೆಯನ್ನೂ ನಾನೇ ಮಾಡಿಸಿಕೊಟ್ಟೆ. ಗುಟ್ಟಿನ ಪದ ಹಾಕುವಾಗ ಮಾತ್ರ ಅಂಗೈಯಿಂದ ಕೀಲಿಗಳನ್ನು ಮುಚ್ಚಿಕೊಂಡು, "ಅತ್ತಾಗ ನೋಡು. ನಿನಗೂ ಹೇಳಂಗಿಲ್ಲ" ಎಂದ. ಇಡೀ ಊರಿನಲ್ಲಿ ಗುಟ್ಟಿನ ಪದವನ್ನು ಗುಟ್ಟಾಗಿ ಇಟ್ಟವನು ಅವನೊಬ್ಬನೇ. ನಾನು ನಕ್ಕು ಅತ್ತ ತಿರುಗಿದೆ.

ಆಮೇಲೆ ಭಾನುವಾರ ಅವನು ಬರಲಿಲ್ಲ. ಮುಂದಿನ ಭಾನುವಾರವೂ ಬರಲಿಲ್ಲ. ಮಧ್ಯಾಹ್ನ ಬಸಣ್ಣನ ಸೆಂಟರ್ ಖಾಲಿ ಇರುವ ಹೊತ್ತು ನೋಡಿ ಹೋಗಿ, ಒಂದೊಂದೇ ಅಕ್ಷರ ಒತ್ತುತ್ತಾ ಕೂತಿರುತ್ತಾನೆ ಎಂದು ತಿಳಿಯಿತು. ಕಲಿಸಿದವನಿಗೆ ಇದಕ್ಕಿಂತ ದೊಡ್ಡ ಗುರುದಕ್ಷಿಣೆ ಇಲ್ಲ, ಶಿಷ್ಯನಿಗೆ ಇನ್ನು ಗುರು ಬೇಕಾಗಿಲ್ಲ ಎಂದಾಗುವುದು. ಪುಸ್ತಕದಲ್ಲಿ ಹಾಗೆಯೇ ಬರೆದಿರುತ್ತಾರೆ. ನಾನು ಮಾತ್ರ ಬೇರೆ ಲೆಕ್ಕ ಹಾಕತೊಡಗಿದೆ. ಇವನು ಯಾರಿಗೆ ಬರೆಯುತ್ತಾನೆ? ಏನು ಬರೆಯುತ್ತಾನೆ? ನನ್ನ ಹತ್ತಿರ ಹೇಳಲಾರದಂಥದ್ದು ಏನಿದೆ? ಊರಿನ ಗಂಡಹೆಂಡಿರ ಜಗಳದ ಅರ್ಜಿಗಳನ್ನೆಲ್ಲ ಟೈಪ್ ಮಾಡಿ ಒಂದು ಮಾತು ಹೊರಗೆ ಬಿಡದವನು ನಾನು. ನನ್ನ ಮೇಲೆಯೇ ನಂಬಿಕೆ ಇಲ್ಲವೇ ಎಂದು ಕುದಿದೆ. ಇಪ್ಪತ್ತು ವರ್ಷ ಬಾಯಿ ಮುಚ್ಚಿಕೊಂಡಿದ್ದದ್ದು ನನ್ನ ಗುಣ ಎಂದೇ ತಿಳಿದಿದ್ದೆ. ಜನ ತಾವಾಗಿ ಬಂದು ಹೇಳುತ್ತಿದ್ದರು, ಅದಕ್ಕೆ ಮುಚ್ಚಿಕೊಂಡಿದ್ದೆ, ಅಷ್ಟೇ.

ಒಂದು ಭಾನುವಾರ ಅವನು ಎದ್ದುಹೋದ ಸ್ವಲ್ಪ ಹೊತ್ತಿಗೆ ನಾನು ಅದೇ ಕಂಪ್ಯೂಟರಿನ ಮುಂದೆ ಕೂತೆ. ನನ್ನ ಪುಟದ ವಿಳಾಸದ ಮೊದಲ ಅಕ್ಷರ ಒತ್ತುತ್ತಲೇ, ಹಿಂದೆ ಹೋಗಿಬಂದ ವಿಳಾಸಗಳೆಲ್ಲ ಕೆಳಗೆ ಇಳಿಬಿದ್ದವು. ಅದರಲ್ಲಿ ದಾದಾಪೀರನ ಹೆಸರು, ಅದರ ಮಗ್ಗುಲಿಗೇ ಅವನ ಗುಟ್ಟಿನ ಪದ, ಇಂಗ್ಲಿಷ್ ಅಕ್ಷರದಲ್ಲಿ, ಬತ್ತಲೆಯಾಗಿ: ಸುಣ್ಣಮೂಗು.

ಅದು ಏಳನೆಯ ತರಗತಿಯಲ್ಲಿ ನಮಗೆ ಲೆಕ್ಕ ಹೇಳುತ್ತಿದ್ದ ಮೇಷ್ಟ್ರಿಗೆ ನಾವಿಬ್ಬರೇ ಇಟ್ಟಿದ್ದ ಹೆಸರು. ಸುಣ್ಣದಕಡ್ಡಿ ಹಿಡಿದ ಕೈಯಲ್ಲೇ ಮೂಗು ಒರೆಸಿಕೊಳ್ಳುವ ಅಭ್ಯಾಸ ಅವರಿಗೆ. ಮೂವತ್ತು ವರ್ಷದಿಂದ ಆ ಹೆಸರನ್ನು ನಾನು ನೆನೆಸಿಕೊಂಡಿರಲಿಲ್ಲ. ಜಗತ್ತಿನಲ್ಲಿ ಇಬ್ಬರಿಗೆ ಮಾತ್ರ ಗೊತ್ತಿದ್ದ ಪದವನ್ನು ಅವನು ಬೀಗವಾಗಿ ಹಾಕಿಕೊಂಡಿದ್ದ. ಇದನ್ನು ನೋಡಿ ಒಳ್ಳೆಯ ಗೆಳೆಯ ಏನು ಮಾಡಬೇಕಿತ್ತು? ನಕ್ಕು, ಕಣ್ಣು ಒದ್ದೆ ಮಾಡಿಕೊಂಡು, ತನ್ನ ಪುಟದ ತಪ್ಪನ್ನು ತಿದ್ದಿ, ಮನೆಗೆ ಹೋಗಬೇಕಿತ್ತು.

ನಾನು ಖಾನೆಗಳನ್ನು ತುಂಬಿ ಗುಂಡಿ ಒತ್ತಿದೆ.

ಇದ್ದದ್ದು ಏಳೆಂಟು ಪತ್ರ, ಎಲ್ಲವೂ ದೂರದ ಊರಿನ ಒಬ್ಬ ಕಿವಿಯ ಡಾಕ್ಟರಿಗೆ ಬರೆದದ್ದು, ಅವರಿಂದ ಬಂದದ್ದು. ನನ್ನ ಎಡಗಿವಿ ಹೋಗಿದೆ, ಬಲಗಿವಿ ಹೋಗುತ್ತಾ ಇದೆ, ನಾನು ರೇಡಿಯೋ ರಿಪೇರಿ ಮಾಡಿ ಬದುಕುವವನು, ಊರಿಗೆ ಗೊತ್ತಾದರೆ ಅಂಗಡಿಗೆ ಯಾರೂ ಬರುವುದಿಲ್ಲ, ಹೊರಗೆ ಕಾಣದಂಥ ಮಿಷನ್ನು ಇದೆಯೇ ಎಂದು ಅವನು ಬರೆದಿದ್ದ. ನಾಚಿಕೆ ಬಿಟ್ಟು ಹೇಳುತ್ತೇನೆ. ಅದನ್ನು ಓದುವಾಗ ಮೊದಲು ನನ್ನ ಕಣ್ಣಿಗೆ ಬಿದ್ದದ್ದು ಅವನ ಕಿವಿಯಲ್ಲ, ವ್ಯಾಕರಣದ ತಪ್ಪು. ನನ್ನ ಕೈಯಲ್ಲಿ ಕೊಟ್ಟಿದ್ದರೆ ಎಷ್ಟು ಚೆನ್ನಾಗಿ ಬರೆದುಕೊಡುತ್ತಿದ್ದೆ ಎಂದು ಅನ್ನಿಸಿತು.

ಮೇಲಿನ ಪತ್ರದ ಅಕ್ಷರ ದಪ್ಪಗಿತ್ತು. ದಪ್ಪಗಿದ್ದರೆ ಅದನ್ನು ಇನ್ನೂ ಯಾರೂ ಒಡೆದಿಲ್ಲ ಎಂದರ್ಥ. ಅವನು ಎದ್ದುಹೋದ ಮೇಲೆ ಬಂದದ್ದು. ಅದನ್ನೂ ಒಡೆದೆ. ನೀವು ಕಳಿಸಿದ ಪರೀಕ್ಷೆಯ ಚೀಟಿ ನೋಡಿದೆ, ಎಡಗಿವಿ ಮರಳಿ ಬರುವುದಿಲ್ಲ, ಬಲಗಿವಿಯೂ ಬಹಳ ದಿನ ಉಳಿಯಲಾರದು ಎಂದು ಡಾಕ್ಟರು ಬರೆದಿದ್ದರು. ದಾದಾಪೀರ ತನ್ನ ಕಿವಿಯ ಗತಿಯನ್ನು ತಿಳಿಯುವ ಮೊದಲೇ ನಾನು ತಿಳಿದೆ. ಪಟ್ಟಿಗೆ ಹಿಂದಿರುಗಿದಾಗ ಆ ದಪ್ಪ ಅಕ್ಷರ ತೆಳ್ಳಗಾಗಿತ್ತು. ಅದನ್ನು ಮತ್ತೆ ದಪ್ಪ ಮಾಡುವುದು ಹೇಗೆಂದು ನನ್ನ ಪುಸ್ತಕದಲ್ಲಿ ಇರಲಿಲ್ಲ.

ಇಲ್ಲಿಗೆ ನಿಂತಿದ್ದರೂ ಆಗುತ್ತಿತ್ತು. ಮಂಗಳವಾರ ಕೊಟ್ರೇಶನ ಹೋಟೆಲಿನಲ್ಲಿ ಮಿರ್ಚಿ ತಿನ್ನುತ್ತಿದ್ದೆ. ಕೊಟ್ರೇಶ ಮಿರ್ಚಿ ಎತ್ತುವ ಜಾರಿ ಸೌಟು ಹಿಡಿದು ಎಣ್ಣೆಯ ಮುಂದೆ ನಿಂತು ಬೈಯುತ್ತಿದ್ದ. "ಏನು ಸೊಕ್ಕು ಬಂದೈತಲೇ ಆ ದಾದಾಪೀರಗ! ಬೆಳಿಗ್ಗೆ ಮೂರು ಸಲ ಕೂಗಿದೆ. ಹೊಳ್ಳಿ ಸುದ್ದಾ ನೋಡ್ಲಿಲ್ಲ. ಇಂಗ್ಲಿಷ್ ಕಲತಾನಲ್ಲ, ನಾವು ಇನ್ನ ಯಾಕ ಕಾಣ್ತೀವಿ?"

ಗೆಳೆಯನನ್ನು ಯಾರಾದರೂ ಬೈದರೆ ಸುಮ್ಮನೆ ಕೂರಲಾದೀತೇ? ನಾನು ದಾದಾಪೀರನ ಪರ ನಿಂತೆ. "ಸೊಕ್ಕಲ್ಲೋ ಮಾರಾಯ. ಪಾಪ, ಅವಗ ಕಿವಿ ಕೇಳವಲ್ದು. ಯಾರ ಮುಂದೂ ಅನಬ್ಯಾಡ."

ಆಡಿದ ಮಾತು ಒಡೆದ ಮುತ್ತು ಎನ್ನುತ್ತಾರೆ. ಮುತ್ತಾದರೂ ಒಡೆದ ಕಡೆಯೇ ಬಿದ್ದಿರುತ್ತದೆ. ಕೊಟ್ರೇಶ ಕೆಟ್ಟವನಲ್ಲ. ಕಣ್ಣಲ್ಲಿ ನೀರು ತಂದುಕೊಂಡ. ಆ ಮರುಕದಲ್ಲೇ ಸಂಜೆಯ ಹೊತ್ತಿಗೆ ಮಂಡಕ್ಕಿ ತಿನ್ನಲು ಬಂದ ಹತ್ತು ಜನಕ್ಕೆ ಹೇಳಿದ. ಯಾರ ಮುಂದೂ ಅನ್ನಬೇಡಿ ಎಂಬುದನ್ನೂ ಮರೆಯದೆ ಹೇಳಿದನಂತೆ.

ವಾರದಲ್ಲಿ ಊರೇ ದಾದಾಪೀರನ ಕಿವಿಯ ಹಿಂದೆ ಬಿತ್ತು. ಅಂಗಡಿಯ ಮುಂದೆ ನಿಂತು ಸಂತೆಯಲ್ಲಿ ಕೂಗುವವರಂತೆ ಕೂಗಿ ಮಾತಾಡತೊಡಗಿದರು. ಇನ್ನು ಕೆಲವರು ಕೇಳುತ್ತದೋ ಇಲ್ಲವೋ ನೋಡೋಣ ಎಂದು ಅವನ ಬೆನ್ನ ಹಿಂದೆ ಚಪ್ಪಾಳೆ ತಟ್ಟಿದರು. ಕಿವುಡನ ಮುಂದೆ ಶಂಖ ಊದಿದ ಗಾದೆ ನೆನಪಿದ್ದವರೆಲ್ಲ ಅದನ್ನು ಒಂದೊಂದು ಸಲ ಹೇಳಿ ಹಗುರಾದರು. "ಕಿವಿ ಇಲ್ಲದವ ರೇಡಿಯೋ ಹೆಂಗ ಮಾಡ್ತಾನ?" ಎಂದು ಟೀವಿ, ಟೇಪುಗಳನ್ನು ಗಂಟು ಕಟ್ಟಿಕೊಂಡು ಹಗರಿಬೊಮ್ಮನಹಳ್ಳಿಯ ಬಸ್ಸು ಹತ್ತಿದರು. ಅವನು ಇಪ್ಪತ್ತು ವರ್ಷ ಬೆರಳ ತುದಿಯಿಂದಲೇ ಕೇಳುತ್ತಾ ಬಂದಿದ್ದನ್ನು ಒಬ್ಬರೂ ಗಮನಿಸಿರಲಿಲ್ಲ.

ಅವನು ಇನ್‌ಸ್ಟಿಟ್ಯೂಟಿಗೆ ಬಂದಾಗ ಬೆಳಗಿನ ತಂಡ ನಡೆದಿತ್ತು. ಎಂಟು ಮಿಷನ್ನುಗಳ ಕಟಕಟ. ಅವನು ನನ್ನ ಮೇಜಿನ ಮುಂದೆ ನಿಂತು, ನನ್ನ ಕಣ್ಣನ್ನಲ್ಲ, ಬಾಯಿಯನ್ನು ನೋಡುತ್ತಾ ಹೇಳಿದ. "ನಾ ಯಾರ ಮುಂದೂ ಹೇಳಿಲ್ಲ ಈರಣ್ಣ. ಮನ್ಯಾಗ ಸುದ್ದಾ ಹೇಳಿಲ್ಲ. ಡಾಕ್ಟರಿಗೆ ಬರದಿದ್ದೆ, ಅಷ್ಟ. ಅವರು ಬರದ ಕಾಗದ ನನಗಿಂತ ಮೊದಲ ಯಾರೋ ಒಡದಾರ. ಹೆಂಗ ಆತು ಇದು?"

ಯಾರೋ ಎಂಬ ಪದವನ್ನು ಅವನೇ ನನ್ನ ಕೈಗೆ ಕೊಟ್ಟ. ನಾನು ಹಿಡಿದುಕೊಂಡೆ. ಫಾರಂನಲ್ಲಿ ಒಂದು ತಪ್ಪಾಗಿತ್ತು, ನಿನ್ನ ಗುಟ್ಟಿನ ಪದ ಮೇಲೆ ಕಾಣುತ್ತಿತ್ತು, ಸೆಂಟರಿನಲ್ಲಿ ಯಾರೋ ನೋಡಿದ್ದಾರೆ ಎಂದೆ. ಮೂರು ಮಾತಿನಲ್ಲಿ ಎರಡೂವರೆ ನಿಜ. ಪೂರ್ತಿ ಸುಳ್ಳು ಹೇಳಲು ಎದೆಗಾರಿಕೆ ಬೇಕು, ನನ್ನಂಥವರಿಗೆ ಒಗ್ಗುವುದು ಹೀಗೆ ನಿಜವನ್ನು ಹಿಟ್ಟಿನಂತೆ ಕಲಸಿಕೊಂಡದ್ದೇ.

ಅವನು ಕಿವಿಯ ಹತ್ತಿರ ಕೈ ತಂದು ತಲೆಯಾಡಿಸಿದ. "ಮಿಷನ್ ಸಪ್ಪಳದಾಗ ಕೇಳಲಿಲ್ಲ. ಇನ್ನೊಮ್ಮೆ ಹೇಳು."

ನಾನು ಎರಡನೆಯ ಸಲ ಕೂಗಿ ಹೇಳಿದೆ. "ಫಾರಂನ್ಯಾಗ ತಪ್ಪಾಗಿತ್ತಪಾ! ಸೆಂಟರಿನಾಗ ಯಾರೋ ನೋಡ್ಯಾರ!" ಎಂಟೂ ಮಿಷನ್ನು ನಿಂತುಬಿಟ್ಟವು. ಕಲಿಯುವವರೆಲ್ಲ ತಲೆ ಎತ್ತಿದರು. ನನ್ನ ಸುಳ್ಳು ಆ ಸದ್ದಿಲ್ಲದ ಕೋಣೆಯಲ್ಲಿ ನನಗೇ ಬಂದು ಬಡಿಯಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡನಂತೆ. ನಾನು ಮುಟ್ಟಿಕೊಳ್ಳಲಿಲ್ಲ, ಅಷ್ಟು ಪಳಗಿದ್ದೆ. ಆದರೆ ಕಿವಿ ಕೇಳದ ಮನುಷ್ಯ ಕಣ್ಣಿನಿಂದ ಏನೇನು ಕೇಳುತ್ತಾನೋ ನನಗೆ ಗೊತ್ತಿರಲಿಲ್ಲ.

"ಆತು ಬಿಡು" ಎಂದು ಅವನು ಹೋದ.

ಅದೇ ದಿನ ನಾನು ಪುಟವನ್ನು ತೆಗೆದು, ಹೊಡೆದುಹಾಕಿದ್ದ ಎರಡು ಪದಗಳನ್ನು ಅವುಗಳ ಜಾಗದಲ್ಲಿ ಮರಳಿ ಕೂರಿಸಿದೆ. ಅರ್ಧ ನಿಮಿಷದ ಕೆಲಸ. ಅಷ್ಟು ಬೇಗ ತಿದ್ದಬಹುದಾದ ತಪ್ಪಾಗಿತ್ತು ಎಂಬುದಕ್ಕೇ ನನ್ನ ಮೇಲೆ ನನಗೆ ಸಿಟ್ಟು ಬಂತು. ನನ್ನ ಕೂಗಿನಿಂದ ಕೆಲವು ದಿನ ಬಸಣ್ಣನ ಮೇಲೂ ಊರಿನ ಗುಮಾನಿ ಬಿತ್ತು. ಅವನು ಗೋಡೆಯ ಮೇಲಿನ ಪೆನ್ಸಿಲ್ ಬರಹವನ್ನೆಲ್ಲ ಸುಣ್ಣ ಬಳಿದು ಅಳಿಸಿದ. ಆಗಲೂ ನಾನು ಬಾಯಿ ಬಿಡಲಿಲ್ಲ. ಬಾಯಿ ಮುಚ್ಚಿಕೊಂಡಿರುವುದು ನನಗೆ ಮೊದಲಿಂದ ಅಭ್ಯಾಸ ಎಂದು ಹೇಳಿದೆನಲ್ಲ.

ದಾದಾಪೀರ ರೇಡಿಯೋ ಬಿಟ್ಟ. ಈಗ ಮಿಕ್ಸಿ ಮತ್ತು ಪಂಪಿನ ಮೋಟರುಗಳ ವೈಂಡಿಂಗ್ ಮಾಡುತ್ತಾನೆ. ಆ ಗದ್ದಲದಲ್ಲಿ ಕಿವಿ ಇದ್ದವನೂ ಒಂದೇ, ಇಲ್ಲದವನೂ ಒಂದೇ. ಬಲಗಿವಿಗೆ ಒಂದು ಮಿಷನ್ನು ಹಾಕಿಕೊಂಡಿದ್ದಾನೆ, ಎಲ್ಲರಿಗೂ ಕಾಣುವಂಥದ್ದು. ಗೋಡೆಯ ಮೇಲಿದ್ದ ಹಿಮದ ಬೆಟ್ಟ, ಹೆಂಚಿನ ಊರು, ಗೋಪುರಗಳನ್ನೆಲ್ಲ ಇಳಿಸಿದ್ದಾನೆ. ಅವು ಇದ್ದ ಕಡೆ ಗೋಡೆ ಇನ್ನೂ ಚೌಕ ಚೌಕವಾಗಿ ಬೆಳ್ಳಗಿದೆ. ಆ ದಾರಿಯ ಬದಲು ನಾನು ಕಿರಾಣಿ ಓಣಿಯಿಂದ ಸುತ್ತಿ ಹೋಗುತ್ತೇನೆ. ಎದುರಾದರೆ ನಗುತ್ತಾನೆ, ಮನೆಯವರನ್ನು ವಿಚಾರಿಸುತ್ತಾನೆ. ಜಗಳವಾಡಿದ್ದರೆ ಎಷ್ಟೋ ಬೇಕಿತ್ತು. ಜಗಳಕ್ಕೆ ರಾಜಿ ಇರುತ್ತದೆ, ಮರ್ಯಾದೆಗೆ ಏನಿದೆ? ಭಾನುವಾರ ಮಧ್ಯಾಹ್ನ ನಾನು ಬಾಗಿಲು ಅರ್ಧ ಎಳೆಯುವುದನ್ನು ಬಿಟ್ಟಿದ್ದೇನೆ. ಪೂರ್ತಿ ಎಳೆದು ಮನೆಗೆ ಹೋಗಿ ಮಲಗುತ್ತೇನೆ.

ನನ್ನ ಪುಟಕ್ಕೆ ಪುಕ್ಕಟೆ ಜಾಗ ಕೊಟ್ಟಿದ್ದವರು ಹೋದ ವರ್ಷ ಅಂಗಡಿ ಮುಚ್ಚಿದರು. ಫೋಟೋ, ಮಂಡಕ್ಕಿ, ಮಣ್ಣು ಅಗೆಯುವವನು, ಎರಡು ಖಾನೆ, ಒಂದು ಗುಂಡಿ, ಎಲ್ಲವೂ ಹೋದವು. ಕೇಳಿದವರು ಒಬ್ಬರೂ ಇಲ್ಲ.

ಮೊನ್ನೆ ಹಂಪಸಾಗರದಲ್ಲಿ ಕೊಟ್ರೇಶನ ಮಗಳ ಮದುವೆ. ಊಟದ ಪಂಕ್ತಿಯಲ್ಲಿ ಕೊಟ್ರೇಶನೇ ಓಡಿಬಂದು ಹಳೆಯ ಗೆಳೆಯರು ಎಂದು ನಮ್ಮಿಬ್ಬರನ್ನು ಮಗ್ಗುಲು ಮಗ್ಗುಲಿಗೆ ಕೂರಿಸಿದ. ನನ್ನ ಬಲಕ್ಕೆ ದಾದಾಪೀರ. ಅಂದರೆ ನನ್ನ ಕಡೆಗಿದ್ದದ್ದು ಅವನ ಎಡಗಿವಿ, ಡಾಕ್ಟರು ಮರಳಿ ಬರುವುದಿಲ್ಲ ಎಂದದ್ದು. ಎಲೆಗೆ ಗೋಧಿ ಹುಗ್ಗಿ ಬಿತ್ತು, ತುಪ್ಪ ಬಿತ್ತು. ನನಗೆ ಏನಾಯಿತೋ ಏನೋ. ತಲೆ ತಗ್ಗಿಸಿ, ಎಲೆಯನ್ನೇ ನೋಡುತ್ತಾ, ಹೆಚ್ಚೂಕಡಿಮೆ ಹುಗ್ಗಿಗೇ ಹೇಳಿದೆ. "ನಿನ್ನ ಕಾಗದ ಒಡದವ ನಾನ. ಮಂದಿಗೆ ಹೇಳಿದವನೂ ನಾನ."

ದಾದಾಪೀರ ತುತ್ತು ಹಿಡಿದ ಕೈಯನ್ನು ನಿಲ್ಲಿಸಿದ. ನನ್ನ ತುಟಿ ಅಲುಗಿದ್ದನ್ನು ಕಂಡಿರಬೇಕು. "ಏನೋ ಅಂದಿ. ಮಾರಿ ಈ ಕಡಿ ಮಾಡಿ ಹೇಳು" ಎಂದ.

ಮುಖ ತಿರುಗಿಸಿದೆ. ಅವನು ನನ್ನ ಬಾಯಿಯನ್ನೇ ನೋಡುತ್ತಿದ್ದ, ಅಂದಿನ ಹಾಗೆಯೇ. ಸುಳ್ಳನ್ನು ಎಂಟು ಮಿಷನ್ನುಗಳ ಮೇಲೆ ಎರಡೆರಡು ಸಲ ಹೇಳಿದ ಬಾಯಿ ಅದು. ನಿಜವನ್ನು ಎರಡನೆಯ ಸಲ ಹೇಳಲು ಅದಕ್ಕೆ ಆಗಲಿಲ್ಲ.

"ಹುಗ್ಗಿ ಚಲೋ ಆಗೇತಿ ಅಂದೆ" ಎಂದೆ.

ಅವನು ನನ್ನ ಬಾಯಿಯಿಂದ ಕಣ್ಣಿಗೆ ನೋಟ ಎತ್ತಿದ. ಆಮೇಲೆ ಬಡಿಸುವವನನ್ನು ಕೈಮಾಡಿ ಕರೆದು, ಕಿವಿ ಕೇಳದವರು ಮಾತಾಡುವಂತೆ ಪಂಕ್ತಿಗೆಲ್ಲ ಕೇಳುವ ಹಾಗೆ ಹೇಳಿದ. "ಇವರಿಗೆ ಇನ್ನೂ ಎರಡು ಸೌಟು ಹಾಕ್ರಿ. ಹೊಟ್ಟ್ಯಾಗ ಇದ್ದದ್ದು ಹೇಳಾಕ ನಾಚತಾರ."

ಹಾಕಿದರು. ನಾನು ಒಂದಗುಳೂ ಬಿಡದೆ ತಿಂದೆ.